ಉಂಡಿಲ್ಲ ಅಂತ ಸೂಜಿ ಬಿಟ್ಟಿದ್ದೆ

ಪಂಚಮಿಗೆ ಇನ್ನೂ ಎರಡು ದಿನ ಇತ್ತು. ಅತ್ತೆ ಒಲೆ ಮುಂದೆ ಕೂತು ಎಳ್ಳು ಹುರಿಯುತ್ತಿದ್ದರು. ಶಾಲೆಯಿಂದ ಬಂದ ಮಗಳು ಚೀಲ ಮೂಲೆಗಿಟ್ಟು, ಯಾರ ಜೊತೆಗೂ ಮಾತಾಡದೆ ಹಾಸಿಗೆ ಮೇಲೆ ಬಿದ್ದುಕೊಂಡಳು. ಎಳ್ಳಿನ ವಾಸನೆ ಬಂದರೂ ಅಡುಗೆಮನೆ ಕಡೆ ಬರಲಿಲ್ಲ. ಹಣೆ ಮುಟ್ಟಿ ನೋಡಿದೆ. ಸುಡುತ್ತಿತ್ತು.

ಬೇರೆ ಮನೆಯಲ್ಲಾದರೆ ಒಂದು ಗುಳಿಗೆ ಕೊಟ್ಟು, ಕೌದಿ ಹೊದಿಸಿ ಮಲಗಿಸುತ್ತಾರೆ. ನಾನು ಥರ್ಮಾಮೀಟರ್‌ಗಿಂತ ಮೊದಲು ಸಕ್ಕರೆ ನೋಡುವ ಮೀಟರ್ ತಂದೆ. ಬೆರಳು ಚುಚ್ಚಿ ಒಂದು ಹನಿ ರಕ್ತ ಹಚ್ಚಿದೆ. 268 ತೋರಿಸಿತು. ಆಮೇಲೆ ಜ್ವರ ನೋಡಿದೆ, 102.

ನಮ್ಮ ಮಗಳಿಗೆ ಈಗ ಒಂಬತ್ತು ವರ್ಷ. ಆರು ವರ್ಷದವಳಿದ್ದಾಗ ಟೈಪ್ 1 ಡಯಾಬಿಟಿಸ್ ಅಂತ ಗೊತ್ತಾಯಿತು. ದೊಡ್ಡವರಿಗೆ ಬರುವ ಸಕ್ಕರೆ ಕಾಯಿಲೆಯೇ ಬೇರೆ, ಇದೇ ಬೇರೆ. ಸಿಹಿ ಜಾಸ್ತಿ ತಿಂದು ಬಂದದ್ದಲ್ಲ. ಹೊಟ್ಟೆಯೊಳಗಿನ ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಕಣಗಳನ್ನು ದೇಹದ ರೋಗ ತಡೆಯುವ ಶಕ್ತಿಯೇ ತಪ್ಪಿ ಕೊಂದುಬಿಡುತ್ತದೆ. ಗುಳಿಗೆಯಿಂದ ಆಗುವುದಿಲ್ಲ, ಇನ್ಸುಲಿನ್ ಹೊರಗಿನಿಂದಲೇ ಕೊಡಬೇಕು. ನನ್ನ ಮಗಳಿಗೆ ದಿನಕ್ಕೆ ನಾಲ್ಕು ಸೂಜಿ. ಮೂರು ಊಟದ ಮುಂಚೆ, ಒಂದು ರಾತ್ರಿ ಮಲಗುವಾಗ.

ರಾತ್ರಿಯ ಆ ಒಂದು ಸೂಜಿಯ ಮಾತೇ ಇವತ್ತು ಹೇಳಬೇಕಾಗಿದೆ. ಎರಡು ವರ್ಷದ ಹಿಂದೆ ನಾನು ಅದನ್ನು ನಿಲ್ಲಿಸಿದ್ದೆ. ಯಾರೂ ನಿಲ್ಲಿಸು ಅನ್ನಲಿಲ್ಲ. ಓದಿದವಳು ಅನ್ನಿಸಿಕೊಂಡ ನಾನೇ ನಿಲ್ಲಿಸಿದ್ದು.

ತವರಿನಲ್ಲಿ ಆದದ್ದು

ನಾವಿರುವುದು ಕಪನೂರಿನಲ್ಲಿ, ಕಲಬುರಗಿಯಿಂದ ಹುಮನಾಬಾದ್ ಕಡೆ ಹೋಗುವ ರಸ್ತೆಗೆ. ನಮ್ಮ ಮನೆಯವರು ಇಲ್ಲಿನ ಒಂದು ದಾಲ್ ಮಿಲ್‌ನಲ್ಲಿ ಕೆಲಸ ಮಾಡುತ್ತಾರೆ. ನನ್ನ ತವರು ಇದೇ ರಸ್ತೆಯಲ್ಲಿ ಮುಂದೆ, ಕಮಲಾಪುರದ ಹತ್ತಿರದ ಹಳ್ಳಿ. ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಅಂದರೆ ನಿಮಗೆ ಗೊತ್ತಾಗುತ್ತದೆ.

ಅದು ಮೇ ತಿಂಗಳು. ತಮ್ಮನ ಮದುವೆ. ಮದುವೆ ಮುಗಿದ ಮರುದಿನ ಮಗಳಿಗೆ ಜ್ವರ ಬಂತು, ವಾಂತಿ ಶುರುವಾಯಿತು. ಏನು ಕೊಟ್ಟರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಇನ್ಸುಲಿನ್ ತಂದಿದ್ದೆ, ತವರಿನ ಫ್ರಿಜ್‌ನಲ್ಲಿ ಇಟ್ಟಿದ್ದೆ. ಮೀಟರ್ ಕೂಡ ತಂದಿದ್ದೆ. ಸ್ಟ್ರಿಪ್‌ನ ಡಬ್ಬಿ ಮಾತ್ರ ಕಪನೂರಿನ ಮನೆಯ ಅಲಮಾರಿಯಲ್ಲೇ ಉಳಿದಿತ್ತು. ಸ್ಟ್ರಿಪ್ ಇಲ್ಲದ ಮೀಟರ್ ಆಟಿಗೆ ಸಾಮಾನು ಇದ್ದಂತೆ.

ನಾನು ನನ್ನೊಳಗೇ ಲೆಕ್ಕ ಹಾಕಿದೆ. ಮಗು ಉಂಡಿಲ್ಲ. ಉಣ್ಣದೆ ಸೂಜಿ ಹಾಕಿದರೆ ಸಕ್ಕರೆ ಇಳಿಯುತ್ತದೆ. ಸಕ್ಕರೆ ಇಳಿದರೆ ಮಗು ಬೀಳುತ್ತದೆ. ಹಾಗಾದರೆ ಸೂಜಿ ಬೇಡ. ಊಟದ ಸೂಜಿ ಬಿಟ್ಟೆ. ರಾತ್ರಿಯ ಸೂಜಿಯನ್ನೂ ಬಿಟ್ಟೆ. ಮರುದಿನವೂ ಕೊಡಲಿಲ್ಲ.

ನಾನು ಪತ್ರಿಕೋದ್ಯಮ ಓದಿದವಳು. ಪಂಚಾಯಿತಿಗೆ ಹೋಗಿ ಕುಡಿಯುವ ನೀರಿನ ಬಿಲ್ ತೋರಿಸಿ ಅಂತ ಕೇಳಿದವಳು. ಅವತ್ತು ಒಬ್ಬ ಡಾಕ್ಟರಿಗೆ ಫೋನ್ ಹಚ್ಚಿ "ಊಟ ಬಿಟ್ಟಾಳ, ಇನ್ಸುಲಿನ್ ಬಿಡಬೇಕೇನ್ರಿ?" ಅಂತ ಕೇಳಲಿಲ್ಲ. ಉತ್ತರ ನನಗೆ ಗೊತ್ತಿದೆ ಅಂದುಕೊಂಡಿದ್ದೆ.

ಮರುದಿನ ಹತ್ತಿರದ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದೆವು. ಮಗುವಿಗೆ ಶುಗರ್ ಇದೆ ಅಂತ ಹೇಳಿದೆ. "ಇಷ್ಟು ಸಣ್ಣ ಹುಡುಗಿಗಿ ಶುಗರ್ ಇರ್ತದೇನವ್ವಾ?" ಅಂದರು. ರಕ್ತ ನೋಡಲಿಲ್ಲ. ಜ್ವರದ ಇಂಜೆಕ್ಷನ್ ಕೊಟ್ಟು ಕಳಿಸಿದರು. ನಾನೂ ಗಟ್ಟಿಯಾಗಿ ಮಾತಾಡಲಿಲ್ಲ.

ಸಂಜೆ ಹೊತ್ತಿಗೆ ಅವಳ ಉಸಿರು ಬದಲಾಯಿತು. ದೂರ ಓಡಿ ಬಂದವರ ಹಾಗೆ ಆಳವಾಗಿ, ಜೋರಾಗಿ ಎಳೆದು ಬಿಡುತ್ತಿದ್ದಳು. ಹೊಟ್ಟೆ ನೋವು ಅಂತ ಅಳುತ್ತಿದ್ದಳು. ಕಣ್ಣು ಗುಳಿ ಬಿದ್ದಿದ್ದವು. ನಮ್ಮವ್ವ ಅವಳ ಬಾಯಿ ಹತ್ತಿರ ಬಗ್ಗಿ, "ಕೂಸಿನ ಬಾಯಾಗ ಹಣ್ಣಾಗಿ ಕೊಳೆತ ಬಾಳೆಹಣ್ಣಿನ ವಾಸನಿ ಬರ್ಲಾಕತ್ತದ" ಅಂದಳು. ಮದುವೆ ಮನೆಯಲ್ಲಿ ಜನರ ದೃಷ್ಟಿ ಬಿದ್ದಿದೆ ಅಂತ ಯಾರೋ ಮೆಣಸಿನಕಾಯಿ ನಿವಾಳಿಸಿದರು. ಅದರಲ್ಲೂ ಒಂದು ತಾಸು ಹೋಯಿತು.

ರಾತ್ರಿ ಒಂದು ಗಾಡಿ ಸಿಕ್ಕಿತು. ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡು ಕಲಬುರಗಿಗೆ ಹೊರಟೆವು. ಕರೆದರೆ ಕಣ್ಣು ಬಿಡುತ್ತಿರಲಿಲ್ಲ. ಕಪನೂರು ಬಂತು. ನಮ್ಮ ಮನೆಯ ಓಣಿ ದಾಟಿ ಗಾಡಿ ಮುಂದೆ ಹೋಯಿತು. ಆ ಓಣಿಯ ಒಂದು ಅಲಮಾರಿಯಲ್ಲಿ ಸ್ಟ್ರಿಪ್‌ನ ಡಬ್ಬಿ ಇತ್ತು. ಆ ಕ್ಷಣ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಆಸ್ಪತ್ರೆಯ ಮೀಟರ್‌ನಲ್ಲಿ ಅಂಕಿಯೇ ಬರಲಿಲ್ಲ, 'ಹೈ' ಅಂತ ಬಂತು. ಅಳೆಯಲಾಗದಷ್ಟು ಜಾಸ್ತಿ ಅಂತ ಅದರ ಅರ್ಥ. ಮೂರು ದಿನ ಐಸಿಯುನಲ್ಲಿ ಇಟ್ಟರು. ಉಳಿದಳು.

ಡಾಕ್ಟರಮ್ಮ ಹೇಳಿದ ಮಾತು

ನಾಲ್ಕನೇ ದಿನ ಅಲ್ಲಿನ ಡಾಕ್ಟರಮ್ಮ ನನ್ನನ್ನು ಕೂಡಿಸಿಕೊಂಡರು. ಬೈಯಲಿಲ್ಲ. ಒಂದು ಹಾಳೆ ತೆಗೆದು ಬರೆದು ತೋರಿಸಿದರು. ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ನಿಮಗೆ ಹೇಳುತ್ತೇನೆ.

ಇನ್ಸುಲಿನ್ ಬೇಕಾಗುವುದು ಊಟಕ್ಕೆ ಮಾತ್ರ ಅಲ್ಲ. ನಾವು ಉಪವಾಸ ಇದ್ದರೂ, ನಿದ್ದೆ ಮಾಡುತ್ತಿದ್ದರೂ ದೇಹಕ್ಕೆ ಸ್ವಲ್ಪ ಸ್ವಲ್ಪ ಇನ್ಸುಲಿನ್ ಬೇಕೇ ಬೇಕು. ಜ್ವರ ಬಂದಾಗ ದೇಹ ರೋಗದ ಜೊತೆ ಹೋರಾಡುತ್ತದೆ. ಆಗ ಕೆಲವು ಹಾರ್ಮೋನುಗಳು ಏರುತ್ತವೆ, ಯಕೃತ್ತು ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಹಾಗಾಗಿ ಮಗು ಒಂದು ತುತ್ತು ತಿನ್ನದಿದ್ದರೂ ಸಕ್ಕರೆ ಏರಬಹುದು. ಜ್ವರದ ದಿನ ಎಷ್ಟೋ ಸಲ ಇನ್ಸುಲಿನ್ ದಿನಕ್ಕಿಂತ ಜಾಸ್ತಿಯೇ ಬೇಕಾಗುತ್ತದೆ.

ಇನ್ಸುಲಿನ್ ಇಲ್ಲದಿದ್ದರೆ ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ದೇಹದ ಕಣಗಳಿಗೆ ಅದು ಸಿಗುವುದಿಲ್ಲ. ಕಣಜ ತುಂಬಿದೆ, ಬೀಗದ ಕೈ ಇಲ್ಲ. ಆಗ ದೇಹ ಕೊಬ್ಬನ್ನು ಸುಡುತ್ತದೆ. ಕೊಬ್ಬು ಸುಟ್ಟಾಗ ಕೀಟೋನ್ ಅನ್ನುವ ಆಮ್ಲ ಹುಟ್ಟುತ್ತದೆ. ಅದು ರಕ್ತದಲ್ಲಿ ಜಾಸ್ತಿಯಾದರೆ ವಿಷದಂತೆ. ವಾಂತಿ, ಹೊಟ್ಟೆನೋವು, ಆಳವಾದ ಉಸಿರು, ಬಾಯಲ್ಲಿ ಹಣ್ಣಿನ ವಾಸನೆ, ಆಮೇಲೆ ಎಚ್ಚರ ತಪ್ಪುವುದು, ಎಲ್ಲವೂ ಅದರಿಂದಲೇ. ನಮ್ಮವ್ವ ಮೂಗಿನಿಂದ ಕಂಡುಹಿಡಿದದ್ದು ಕೀಟೋನ್. ಅವಳಿಗೆ ಹೆಸರು ಗೊತ್ತಿರಲಿಲ್ಲ, ನಮಗೆ ಅರ್ಥ ಗೊತ್ತಿರಲಿಲ್ಲ.

"ಊಟದ ಸೂಜಿ ಕಡಿಮಿ ಮಾಡೋದು, ಜಾಸ್ತಿ ಮಾಡೋದು ನಮ್ಮನ್ನ ಕೇಳಿ ಮಾಡ್ರಿ. ರಾತ್ರಿ ಸೂಜಿ ಮಾತ್ರ ಎಂದೂ ಪೂರ್ತಿ ಬಿಡಬ್ಯಾಡ್ರಿ. ಉಂಡರೂ ಬಿಡಬ್ಯಾಡ್ರಿ, ಉಣ್ಣದಿದ್ದರೂ ಬಿಡಬ್ಯಾಡ್ರಿ" ಅಂದರು.

ಆ ಹಾಳೆಯ ಒಂದೊಂದು ಪ್ರತಿ ನಮ್ಮ ಅಡುಗೆಮನೆ ಗೋಡೆಗೆ, ತವರಿನ ಗೋಡೆಗೆ, ಮಗಳ ಶಾಲೆಯ ಮೇಡಂ ಹತ್ತಿರ ಇವೆ. ನಮ್ಮ ಮನೆಯವರ ಮೊಬೈಲ್‌ನಲ್ಲಿ ಅದರ ಫೋಟೋ ಇದೆ.

ಈ ಸಲದ ಮೊದಲ ರಾತ್ರಿ

ಈಗ ಪಂಚಮಿಯ ಜ್ವರಕ್ಕೆ ಬರುತ್ತೇನೆ. ನೋಟ್‌ಬುಕ್ ನೋಡಿಕೊಂಡೇ ಬರೆಯುತ್ತಿದ್ದೇನೆ. ಜ್ವರ ಬಂದ ಗಳಿಗೆಯಿಂದ ಟೈಮ್, ಸಕ್ಕರೆ, ಕೀಟೋನ್, ಜ್ವರ, ಕುಡಿದದ್ದು, ಕೊಟ್ಟ ಸೂಜಿ ಎಲ್ಲ ಬರೆಯುವುದು ರೂಢಿಯಾಗಿದೆ. ರಾತ್ರಿ ಎರಡು ಗಂಟೆಗೆ ನಮ್ಮ ತಲೆಯನ್ನು ನಂಬಬಾರದು.

ಸಂಜೆ 5 ಗಂಟೆ. ಸಕ್ಕರೆ 268. ಮೂತ್ರ ಹಿಡಿದು ಕೀಟೋನ್ ಸ್ಟ್ರಿಪ್ ಅದ್ದಿದೆ. ಬಣ್ಣ ಸ್ವಲ್ಪವೇ ಬದಲಾಯಿತು. ಆ ಸ್ಟ್ರಿಪ್ ಕೀಟೋನ್ ಇಲ್ಲದಿದ್ದರೆ ತಿಳಿ ಬಣ್ಣದಲ್ಲೇ ಇರುತ್ತದೆ, ಜಾಸ್ತಿಯಾದಷ್ಟೂ ನೇರಳೆ ಗಾಢವಾಗುತ್ತದೆ. ಜ್ವರಕ್ಕೆ ಅವಳ ತೂಕಕ್ಕೆ ಬರೆದುಕೊಟ್ಟಷ್ಟು ಪ್ಯಾರಾಸಿಟಮಾಲ್ ಸಿರಪ್ ಕೊಟ್ಟೆ. ಸಿರಪ್ ಸಿಹಿ ಇರುತ್ತದಲ್ಲ ಅಂತ ಮೊದಲು ಹೆದರುತ್ತಿದ್ದೆ. ಒಂದು ಚಮಚ ಸಿರಪ್‌ನ ಸಿಹಿಗಿಂತ ಇಳಿಯದ ಜ್ವರವೇ ಸಕ್ಕರೆಯನ್ನು ಹೆಚ್ಚು ಏರಿಸುತ್ತದೆ ಅಂತ ಆಮೇಲೆ ತಿಳಿಯಿತು. ಮಳೆಗಾಲ, ಡೆಂಗಿ ಕಾಲ. ಡೆಂಗಿ ಅಲ್ಲ ಅಂತ ಗೊತ್ತಾಗುವವರೆಗೆ ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬಾರದು, ರಕ್ತಸ್ರಾವದ ಅಪಾಯ ಇದೆ.

ರಾತ್ರಿ ಅರ್ಧ ಬಟ್ಟಲು ಮೆತ್ತನೆ ಅನ್ನ, ತೊಗರಿಬೇಳೆ ಕಟ್ಟು ಉಂಡಳು. ಅಷ್ಟಕ್ಕೇ ಲೆಕ್ಕ ಹಾಕಿ ಊಟದ ಸೂಜಿ ಕೊಟ್ಟೆ. ಮಲಗುವ ಮುಂಚೆ ರಾತ್ರಿಯ ಸೂಜಿ ತೆಗೆದೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಕೂಸು ಜ್ವರದಾಗ ಸುಡ್ಲಾಕತ್ತದ, ನೆಟ್ಟಗ ಉಂಡಿಲ್ಲ ತಿಂದಿಲ್ಲ. ಇವತ್ತೊಂದಿನ ಸೂಜಿ ಬಿಡಬಾರದಾ?"

ನನಗೆ ಸಿಟ್ಟು ಬರಲಿಲ್ಲ. ಎರಡು ವರ್ಷದ ಹಿಂದೆ ಇದೇ ಮಾತನ್ನು ನನಗೆ ನಾನೇ ಹೇಳಿಕೊಂಡಿದ್ದೆ.

"ಅತ್ತಿ, ಆವತ್ತು ಬಿಟ್ಟಿದ್ದೆ. ಏನಾಯ್ತು ನೋಡಿದಿರಲ್ಲ" ಅಂದೆ.

ಅವರು ಸುಮ್ಮನೆ ಒಳಗೆ ಬಂದು ಮೊಮ್ಮಗಳ ಕೈ ಹಿಡಿದು ಕೂತರು. ನಾನು ಸೂಜಿ ಕೊಟ್ಟೆ.

ರಾತ್ರಿ 2 ಗಂಟೆಗೆ ಅಲಾರಾಂ. ಸಕ್ಕರೆ 312. ಕೀಟೋನ್ ಬಣ್ಣ ಮಧ್ಯಮಕ್ಕೆ ಏರಿತ್ತು. ಡಾಕ್ಟರಮ್ಮ ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದೆ. ಎರಡನೇ ಸಲಕ್ಕೆ ಎತ್ತಿದರು. ಹಾಳೆಯಲ್ಲಿ ಬರೆದಿದ್ದ ಹೆಚ್ಚಿನ ಡೋಸ್ ಕೊಡಿ, ತಾಸಿಗೊಮ್ಮೆ ನೀರು ಕುಡಿಸಿ, ಎರಡು ತಾಸು ಬಿಟ್ಟು ಮತ್ತೆ ನೋಡಿ ಅಂದರು. ಆ ಡೋಸ್ ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಮಗಳ ತೂಕಕ್ಕೆ, ಅವಳ ದಿನದ ಇನ್ಸುಲಿನ್‌ಗೆ ಹಾಕಿದ ಲೆಕ್ಕ. ನಿಮ್ಮ ಮಗುವಿನ ಲೆಕ್ಕ ನಿಮ್ಮ ಡಾಕ್ಟರ್ ಬರೆದುಕೊಡಬೇಕು, ಮಗು ಆರೋಗ್ಯವಾಗಿ ಇರುವಾಗಲೇ ಬರೆಸಿಕೊಳ್ಳಬೇಕು.

4 ಗಂಟೆಗೆ 277. 6 ಗಂಟೆಗೆ 214, ಕೀಟೋನ್ ಬಣ್ಣ ಸ್ವಲ್ಪ ತಿಳಿಯಾಗಿತ್ತು. ಹೊರಗೆ ಹಾಲಿನವನ ಗಾಡಿ ಬಂದ ಶಬ್ದ ಕೇಳಿ, ಈ ರಾತ್ರಿ ದಾಟಿದೆವು ಅಂದುಕೊಂಡೆ.

ಒಂದು ಕೈಯಲ್ಲಿ ಸಕ್ಕರೆ, ಒಂದು ಕೈಯಲ್ಲಿ ಸೂಜಿ

ಬೆಳಿಗ್ಗೆ ಎದ್ದ ಮೇಲೆ ಎರಡು ಸಲ ವಾಂತಿ ಮಾಡಿದಳು. 9 ಗಂಟೆಗೆ ಸಕ್ಕರೆ 84. ರಾತ್ರಿಯಿಡೀ ಏರಿದೆ ಅಂತ ಹೆದರಿದ್ದೆ, ಈಗ ಇಳಿಯುತ್ತಿದೆ ಅಂತ ಹೆದರಿಕೆ. 70ಕ್ಕಿಂತ ಕೆಳಗೆ ಹೋದರೆ ಅಪಾಯ. ಕೀಟೋನ್ ನೋಡಿದರೆ ಅದು ಇನ್ನೂ ಹೋಗಿರಲಿಲ್ಲ.

ಮತ್ತೆ ಫೋನ್. ಡಾಕ್ಟರಮ್ಮ ಹೇಳಿದ್ದು ನನಗೂ ಮೊದಲು ಅರ್ಥ ಆಗಲಿಲ್ಲ. ಸಕ್ಕರೆ ಕಡಿಮೆ ಇದೆ, ಆದರೆ ಕೀಟೋನ್ ಇದೆ. ಕೀಟೋನ್ ಹೋಗಬೇಕಾದರೆ ಇನ್ಸುಲಿನ್ ಬೇಕು. ಇನ್ಸುಲಿನ್ ಕೊಡಬೇಕಾದರೆ ಮೊದಲು ಹೊಟ್ಟೆಗೆ ಸಿಹಿ ಹೋಗಬೇಕು. ಸಿಹಿ ಕುಡಿಸಿ, ಸಕ್ಕರೆ ಸ್ವಲ್ಪ ಏರಲಿ, ಆಮೇಲೆ ನಾನು ಹೇಳಿದಷ್ಟು ಸಣ್ಣ ಡೋಸ್ ಕೊಡಿ ಅಂದರು. ಎರಡು ತಾಸಾದರೂ ವಾಂತಿ ನಿಲ್ಲದಿದ್ದರೆ, ಸಿಹಿ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಕಾಯಬೇಡಿ, ಸೀದಾ ಆಸ್ಪತ್ರೆಗೆ ಬನ್ನಿ ಅಂದರು.

ಅತ್ತೆ ನಿಂಬೆಹಣ್ಣು ಹಿಂಡಿ, ಸಕ್ಕರೆ, ಚೂರು ಉಪ್ಪು ಹಾಕಿ ಶರಬತ್ತು ಮಾಡಿದರು. ಓಆರ್‌ಎಸ್ ಪುಡಿ ಕಲಸಿದ್ದೂ ಪಕ್ಕದಲ್ಲಿತ್ತು. ವಾಂತಿಯಲ್ಲಿ ಹೋದ ನೀರು, ಉಪ್ಪಿಗೆ ಅದು ಬೇಕು. ಆದರೆ ಒಂದು ಲೀಟರ್ ಓಆರ್‌ಎಸ್‌ನಲ್ಲಿ ಗ್ಲೂಕೋಸ್ ಇರುವುದು 13.5 ಗ್ರಾಂ ಮಾತ್ರ. ಒಂದು ಲೋಟಕ್ಕೆ ಮೂರು ಗ್ರಾಂ ಕೂಡ ಬರುವುದಿಲ್ಲ. ಇಳಿಯುತ್ತಿರುವ ಸಕ್ಕರೆಯನ್ನು ಎತ್ತಲು ಅದೊಂದೇ ಸಾಲದು.

ಗಟಗಟ ಕುಡಿಸಿದರೆ ವಾಂತಿಯಾಗುತ್ತದೆ. ಐದು ನಿಮಿಷಕ್ಕೆ ಒಂದೊಂದು ಚಮಚ ಕೊಟ್ಟೆವು. ನಮ್ಮ ಮನೆಯವರು ಅವತ್ತು ಮಿಲ್‌ಗೆ ಹೋಗಲಿಲ್ಲ. ಮೊಬೈಲ್ ನೋಡುತ್ತಾ ಟೈಮ್ ಹೇಳುತ್ತಿದ್ದರು. ಹೊರಗೆ ಗೆಳೆಯರ ಆಟೋ ನಿಲ್ಲಿಸಿಕೊಂಡಿದ್ದರು, ಹೋಗಬೇಕಾಗಿ ಬಂದರೆ ಅಂತ. ಮುಕ್ಕಾಲು ತಾಸಿನಲ್ಲಿ 126 ಆಯಿತು. ನಾನು ಸಿರಿಂಜ್ ಎತ್ತಿದೆ. ಅತ್ತೆ ಕೈಯಲ್ಲಿ ಇನ್ನೂ ಶರಬತ್ತಿನ ಚಮಚ ಇತ್ತು.

"ಒಂದ್ ಕೈಲೆ ಸಕ್ಕರಿ, ಒಂದ್ ಕೈಲೆ ಸೂಜಿ. ಇದ್ಯಾವ ನ್ಯಾಯನವ್ವಾ ತಾಯಿ?" ಅಂದರು.

ಮಗಳು ಮಲಗಿದ್ದಲ್ಲೇ ಕಣ್ಣು ಬಿಟ್ಟು, "ಆಯಿ, ಸಕ್ಕರಿ ಅನ್ನ ಇದ್ದಂಗ, ಸೂಜಿ ಬಾಯಿ ಇದ್ದಂಗ. ಬಾಯಿ ಇಲ್ಲದ ಹ್ಯಾಂಗ ಉಣ್ಲಿ?" ಅಂದಳು.

ಇದನ್ನು ನಾನು ಅವಳಿಗೆ ಕಲಿಸಿರಲಿಲ್ಲ. ನನಗೆ ಅಳು ಬಂತು, ನಗುವೂ ಬಂತು.

ಮಧ್ಯಾಹ್ನದ ಹೊತ್ತಿಗೆ ವಾಂತಿ ನಿಂತಿತ್ತು. ಸಂಜೆ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿದೆವು. ಡೆಂಗಿ ಇರಲಿಲ್ಲ, ವೈರಲ್ ಜ್ವರ ಅಂದರು. ಆಂಟಿಬಯೋಟಿಕ್ ಬರೆಯಲಿಲ್ಲ. ವೈರಸ್‌ಗೆ ಅದು ಕೆಲಸ ಮಾಡುವುದಿಲ್ಲ.

ಪಂಚಮಿ ದಿನ ಬೆಳಿಗ್ಗೆ ಕೀಟೋನ್ ಸ್ಟ್ರಿಪ್ ತಿಳಿ ಬಣ್ಣದಲ್ಲೇ ಉಳಿಯಿತು. ಓಣಿಯ ಹುಡುಗಿಯರು ಜೋಕಾಲಿ ಆಡುತ್ತಿದ್ದರು. ಅವಳಿಗೆ ಜೋಕಾಲಿ ಆಡುವ ಶಕ್ತಿ ಇರಲಿಲ್ಲ, ಕಿಟಕಿಯಿಂದ ನೋಡಿದಳು. "ಅವ್ವಾ, ಉಂಡಿ?" ಅಂದಳು. ಅರ್ಧ ಎಳ್ಳುಂಡಿ ಮುರಿದು, ಬೆಲ್ಲದ ಲೆಕ್ಕ ಹಾಕಿ, ಸೂಜಿ ಕೊಟ್ಟು ಕೈಯಲ್ಲಿಟ್ಟೆ. ಇನ್ನರ್ಧ ನಾನು ತಿಂದೆ.

ನಾಲ್ಕು ದಿನಕ್ಕೆ 41 ಸಲ ಬೆರಳು ಚುಚ್ಚಿದ್ದೆವು. ನಾವು ಕೊಳ್ಳುವ ಸ್ಟ್ರಿಪ್ ಒಂದಕ್ಕೆ ಸುಮಾರು 20 ರೂಪಾಯಿ. ಮಿಲ್‌ಗೆ ಹೋಗದ ಎರಡು ದಿನದ ಪಗಾರ ಬೇರೆ. ಐಸಿಯುನ ಮೂರು ದಿನ ನೆನೆದರೆ ಈ ಲೆಕ್ಕ ಏನೂ ಅಲ್ಲ. ಆದರೂ ತಿಂಗಳ ಕೊನೆಗೆ ಲೆಕ್ಕ ಲೆಕ್ಕವೇ.

ನಿಮ್ಮ ಮನೆಯಲ್ಲೂ ಇಂಥ ಮಗು ಇದ್ದರೆ

ಜ್ವರ ಬರುವ ಮುಂಚೆಯೇ ಒಂದು ಡಬ್ಬಿ ಮಾಡಿಡಿ. ನಮ್ಮದು ಹಳೇ ಬಿಸ್ಕೆಟ್ ಡಬ್ಬಿ. ಮೀಟರ್, ಸ್ಟ್ರಿಪ್, ಮೂತ್ರದ ಕೀಟೋನ್ ಸ್ಟ್ರಿಪ್, ಥರ್ಮಾಮೀಟರ್, ಪ್ಯಾರಾಸಿಟಮಾಲ್, ಓಆರ್‌ಎಸ್, ಸಕ್ಕರೆ, ಡಾಕ್ಟರ್ ಬರೆದ ಹಾಳೆ, ಫೋನ್ ನಂಬರ್. ಕೀಟೋನ್ ಸ್ಟ್ರಿಪ್ ನಮ್ಮ ಕಪನೂರಿನ ಅಂಗಡಿಯಲ್ಲಿ ಸಿಗಲಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೋಗಿ ತಂದೆವು. ಡಬ್ಬಿ ತೆರೆದ ಮೇಲೆ ಅದು ಬೇಗ ಕೆಡುತ್ತದೆ, ತಾರೀಖು ಬರೆದಿಡಿ. ಊರಿಗೆ ಹೋಗುವಾಗ ಡಬ್ಬಿ ನಿಮ್ಮ ಜೊತೆ ಬರಲಿ. ನಮ್ಮದು ಈಗ ಕಮಲಾಪುರಕ್ಕೂ ಬರುತ್ತದೆ.

ಜ್ವರದಲ್ಲಿ ಎರಡರಿಂದ ನಾಲ್ಕು ತಾಸಿಗೊಮ್ಮೆ ಸಕ್ಕರೆ ನೋಡಿ, ರಾತ್ರಿಯೂ ನೋಡಿ. ಸಕ್ಕರೆ 250 ದಾಟಿದರೆ ಕೀಟೋನ್ ನೋಡಿ. ವಾಂತಿ ಇದ್ದರೆ ಸಕ್ಕರೆ ಎಷ್ಟೇ ಇರಲಿ, ಕೀಟೋನ್ ನೋಡಿ.

ಸೂಜಿ ಕೊಟ್ಟರೂ ಸಕ್ಕರೆ ಇಳಿಯದಿದ್ದರೆ ಇನ್ಸುಲಿನ್ ಕೆಟ್ಟಿದೆಯೇನೋ ಅಂತ ಅನುಮಾನಪಡಿ. ತೆರೆಯದ ಬಾಟಲಿ 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು, ಮಂಜುಗಡ್ಡೆ ಆಗಬಾರದು. ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ. ಫ್ರಿಜ್ ಇಲ್ಲದವರು, ಕರೆಂಟ್ ಹೋಗುವ ಕಡೆ ಇರುವವರು ಮಣ್ಣಿನ ಮಡಕೆಯೊಳಗೆ ಇನ್ನೊಂದು ಸಣ್ಣ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಒಳಗೆ ಬಾಟಲಿಯನ್ನು ನೀರು ತಾಗದಂತೆ ಇಡಬಹುದು. ಫ್ರಿಜ್‌ನಷ್ಟು ತಂಪಾಗದು, ಆದರೆ ಬಿಸಿಲಿನಿಂದ ಉಳಿಯುತ್ತದೆ.

ಸಿರಿಂಜ್ ನೋಡಿ ತೆಗೆದುಕೊಳ್ಳಿ. ಬಾಟಲಿ ಮೇಲೆ 40 ಅಂತಿದ್ದರೆ ಕೆಂಪು ಮುಚ್ಚಳದ ಸಿರಿಂಜ್, 100 ಅಂತಿದ್ದರೆ ಕಿತ್ತಳೆ ಮುಚ್ಚಳದ್ದು. ಇದು ಅದಲುಬದಲಾದರೆ ಡೋಸ್ ಎರಡೂವರೆ ಪಟ್ಟು ಹೆಚ್ಚು ಕಡಿಮೆ ಆಗುತ್ತದೆ.

ಕಾಯಬಾರದ ಹೊತ್ತು ಇವು: ನಿಲ್ಲದ ವಾಂತಿ, ಇಳಿಯದ ಕೀಟೋನ್, ಆಳವಾದ ಜೋರು ಉಸಿರು, ಬಾಯಲ್ಲಿ ಹಣ್ಣಿನ ವಾಸನೆ, ಹೊಟ್ಟೆನೋವು, ಕರೆದರೆ ಸರಿಯಾಗಿ ಎಚ್ಚರವಾಗದಿರುವುದು, ಸಿಹಿ ಕೊಟ್ಟರೂ ಏರದ ಸಕ್ಕರೆ. ಎಚ್ಚರ ಇಲ್ಲದ ಮಗುವಿನ ಬಾಯಿಗೆ ಏನೂ ಹಾಕಬೇಡಿ. 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಮೊದಲ ಮಾತು ಇದೇ ಆಗಿರಲಿ: "ಮಗುವಿಗೆ ಟೈಪ್ 1 ಶುಗರ್ ಅದ. ಮೊದಲು ರಕ್ತದ ಸಕ್ಕರಿ ನೋಡ್ರಿ." ಇಷ್ಟು ಸಣ್ಣವರಿಗೆ ಇರುತ್ತದೇನು ಅಂದರೆ, ಇರುತ್ತದೆ ಅಂತ ಗಟ್ಟಿಯಾಗಿ ಹೇಳಿ. ನಾನು ಅವತ್ತು ಹೇಳಲಿಲ್ಲ.

ನೂರು ವರ್ಷದ ಹಿಂದೆ ಈ ಕಾಯಿಲೆಯ ಮಕ್ಕಳಿಗೆ ಔಷಧವೇ ಇರಲಿಲ್ಲ. ಊಟ ಕಡಿಮೆ ಮಾಡಿ ಮಾಡಿ, ಎಲುಬಿನ ಗೂಡಾಗುವವರೆಗೆ ಉಪವಾಸ ಇಟ್ಟು ಸಾವನ್ನು ಸ್ವಲ್ಪ ದಿನ ಮುಂದೆ ಹಾಕುತ್ತಿದ್ದರು. ಕೆನಡಾದ ಟೊರಾಂಟೊದಲ್ಲಿ 1921ರಲ್ಲಿ ಇನ್ಸುಲಿನ್ ಸಿಕ್ಕಿತು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಅನ್ನುವ 14 ವರ್ಷದ ಹುಡುಗನಿಗೆ ಅದರ ಮೊದಲ ಸೂಜಿ ಕೊಟ್ಟರು. ಅದನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ ದಿನ ನವೆಂಬರ್ 14. ಅದೇ ವಿಶ್ವ ಮಧುಮೇಹ ದಿನ. ನಮ್ಮ ಶಾಲೆಗಳಲ್ಲಿ ಅದು ಮಕ್ಕಳ ದಿನಾಚರಣೆ. ಮಗಳಿಗೆ ಇದು ಗೊತ್ತಾದ ಮೇಲೆ ಆ ದಿನ ತನ್ನದೇ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾಳೆ.

ಮೊನ್ನೆ ಅತ್ತೆಯ ತಂಗಿ ಬಂದಿದ್ದರು. ರಾತ್ರಿ ನಾನು ಸೂಜಿ ತೆಗೆದಾಗ, "ಕೂಸು ಇವತ್ತು ಅರ್ಧ ರೊಟ್ಟಿನೂ ತಿಂದಿಲ್ಲ, ಸೂಜಿ ಯಾಕ?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಒಲೆ ಮುಂದಿನಿಂದ ಹೇಳಿದರು:

"ಉಣ್ಣಲಿ, ಬಿಡಲಿ. ರಾತ್ರಿದು ಬಿಡಂಗಿಲ್ಲ. ನಿನಗ ಗೊತ್ತಾಗಂಗಿಲ್ಲ, ಸುಮ್ನಿರು."